ಎರಡು ಸರ್ವರ್, ಒಂದೇ ಲಾಗಿನ್: ಕೀ ಎಲ್ಲಿಡಬೇಕು?

ಪ್ರಶ್ನೆ: ಸಹಕಾರಿ ಸಂಘಗಳ ಸದಸ್ಯರಿಗಾಗಿ ಒಂದು ಪೋರ್ಟಲ್ ನಡೆಸುತ್ತಿದ್ದೇವೆ. ಸಣ್ಣ ತಂಡ ನಮ್ಮದು. ಮುಖ್ಯ ಪೋರ್ಟಲ್ ಇರುವುದು ವೆಬ್‌ಸೈಟ್ ಕಟ್ಟಲು ಬಳಸುವ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ. ರಿಪೋರ್ಟ್‌ಗಳ ಭಾಗ ಮಾತ್ರ ಇನ್ನೂ ಅದರ ಹಳೇ ಪೀಳಿಗೆಯಾದ ವೆಬ್ ಫಾರ್ಮ್ಸ್‌ನಲ್ಲೇ ಇದೆ. ಇಷ್ಟು ದಿನ ಒಂದೇ ವಿಂಡೋಸ್ ಸರ್ವರ್ ಇತ್ತು. ಲೋಡ್ ಜಾಸ್ತಿಯಾಯಿತು ಅಂತ ಎರಡನೆಯದನ್ನು ಸೇರಿಸಿ, ಮುಂದೆ ಬಂದವರನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಇಟ್ಟೆವು. ಅವತ್ತಿನಿಂದ ಲಾಗಿನ್ ಆದವರು ಒಂದೆರಡು ಕ್ಲಿಕ್ ಮಾಡುವಷ್ಟರಲ್ಲಿ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತಾರೆ. ಫಾರ್ಮ್ ಸಬ್‌ಮಿಟ್ ಮಾಡಿದರೆ ಕೆಲವೊಮ್ಮೆ 400 ಎರರ್. ಪಾಸ್‌ವರ್ಡ್ ಮರೆತವರಿಗೆ ಹೋಗುವ ಲಿಂಕ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ 'ಇನ್‌ವ್ಯಾಲಿಡ್ ಟೋಕನ್' ಅನ್ನುತ್ತದೆ. ಒಬ್ಬರು ಎಸ್‌ಎಸ್‌ಎಲ್ ಸರ್ಟಿಫಿಕೇಟ್ ನೋಡಿ ಅಂದರು. ಇನ್ನೊಬ್ಬರು ಎರಡೂ ಸರ್ವರ್‌ಗಳ ಟೈಮ್ ಹೊಂದುತ್ತಿಲ್ಲ ಅಂದರು. ಒಬ್ಬರನ್ನು ಯಾವಾಗಲೂ ಒಂದೇ ಸರ್ವರ್‌ಗೆ ಕಳಿಸುವ ಸ್ಟಿಕಿ ಸೆಷನ್ ಆನ್ ಮಾಡಿದ ಮೇಲೆ ದೂರು ಕಡಿಮೆಯಾಗಿದೆ. ಹಾಗೇ ಬಿಟ್ಟರೆ ಸಾಕಾ? ಎರಡೂ ಕಡೆ ಒಂದೇ ಕೀ ಹಾಕಬೇಕು ಅಂತಲೂ ಹೇಳುತ್ತಾರೆ. ಕೀ ಮಾಡಿಕೊಡುವ ಸೈಟ್‌ಗಳಿವೆಯಲ್ಲ, ಅಲ್ಲಿಂದ ತೆಗೆದು ವೆಬ್ ಕಾನ್ಫಿಗ್ ಅನ್ನುವ ಸೆಟ್ಟಿಂಗ್ ಫೈಲಿಗೆ ಹಾಕಿ, ತಂಡದ ಕೋಡ್ ಇಡುವ ಗಿಟ್‌ನಲ್ಲಿ ಇಟ್ಟರೆ ತೊಂದರೆಯೇ?
– ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಜನ ಯಾಕೆ ಹೊರಬೀಳುತ್ತಿದ್ದಾರೆ ಅನ್ನುವುದು ಒಂದು. ಅದು ಸುಲಭ. ಎರಡೂ ಸರ್ವರ್‌ಗೆ ಬೇಕಾದ ಆ ಕೀಯನ್ನು ಎಲ್ಲಿಡುವುದು, ಅದು ಯಾರ ಕೈಗೆಲ್ಲ ಸಿಗಬಹುದು ಅನ್ನುವುದು ಇನ್ನೊಂದು. ನೀವು ಮೊದಲನೆಯದರ ಬಗ್ಗೆ ಉದ್ದಕ್ಕೆ ಬರೆದು ಎರಡನೆಯದನ್ನು ಕೊನೆಯ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಆ ಕೊನೆಯ ಸಾಲೇ ಜಾಸ್ತಿ ಚಿಂತೆ ತಂದದ್ದು.

ಮೊದಲು ಕಾರಣ. ಲಾಗಿನ್ ಆದ ತಕ್ಷಣ ಸರ್ವರ್ ಒಂದು ಚೀಟಿ ಬರೆದು ಬ್ರೌಸರ್‌ಗೆ ಕೊಡುತ್ತದೆ. ಅದೇ ಕುಕೀ. 'ಇವರು ಇಂಥ ಸದಸ್ಯರು, ಇಷ್ಟು ಹೊತ್ತಿನವರೆಗೆ ಒಳಗೆ ಬಿಡಬಹುದು' ಅನ್ನುವುದು ಅದರಲ್ಲಿರುತ್ತದೆ. ಬೇರೆಯವರು ಓದದಂತೆ ಅದನ್ನು ಎನ್‌ಕ್ರಿಪ್ಟ್ ಮಾಡಿ, ತಿದ್ದದಂತೆ ಮೇಲೊಂದು ಮೊಹರು ಒತ್ತಿರುತ್ತದೆ. ನಿಮ್ಮಲ್ಲಿ ಈಗ ಪ್ರತಿ ಸರ್ವರೂ ತನ್ನದೇ ಮೊಹರು, ಅಂದರೆ ತನ್ನದೇ ಕೀ, ಕೆತ್ತಿಕೊಂಡು ಕೂತಿದೆ. ಮೊದಲನೆಯದು ಕೊಟ್ಟ ಚೀಟಿ ಎರಡನೆಯದಕ್ಕೆ ಕಸ. ಅದು ಎರರ್ ಕೂಡ ತೋರಿಸುವುದಿಲ್ಲ, ಸುಮ್ನೆ ಲಾಗಿನ್ ಪುಟಕ್ಕೆ ಕಳಿಸುತ್ತದೆ.

ಫಾರ್ಮ್‌ನ 400 ಎರರ್‌ಗೂ ಪಾಸ್‌ವರ್ಡ್ ಲಿಂಕಿಗೂ ಕಾರಣ ಇದೇ. ಫಾರ್ಮ್ ನಿಮ್ಮ ಪುಟದಿಂದಲೇ ಬಂದದ್ದು ಅಂತ ಖಾತ್ರಿ ಮಾಡಲು ಅದರಲ್ಲಿ ಅಡಗಿರುವ ಆ್ಯಂಟಿಫೋರ್ಜರಿ ಟೋಕನ್ ಮತ್ತು ರೀಸೆಟ್ ಲಿಂಕಿನ ಟೋಕನ್, ಎರಡೂ ಅದೇ ಕೀಗಳಿಂದಲೇ ತಯಾರಾಗುತ್ತವೆ. ನೀವು ಮೂರು ಬೇರೆ ಬೇರೆ ಬಗ್ ಅಂದುಕೊಂಡಿದ್ದೀರಿ. ಇರುವುದು ಒಂದೇ.

ನನ್ನ ಮಾತು ನಂಬಬೇಕಿಲ್ಲ, ಲಾಗ್ ನೋಡಿ. ಕೋರ್ ಆ್ಯಪ್‌ನಲ್ಲಿ 400 ಬಂದ ಹೊತ್ತಿನ ಲಾಗ್ ತೆಗೆದರೆ, ಇಂಥ ಐಡಿಯ ಕೀ 'ಕೀ ರಿಂಗ್‌ನಲ್ಲಿ (ಕೀಗಳ ಗೊಂಚಲಿನಲ್ಲಿ) ಸಿಗಲಿಲ್ಲ' ಅನ್ನುವ ಸಾಲು ಇರುತ್ತದೆ. ಲಾಗಿನ್ ಕುಕೀ ವಿಷಯದಲ್ಲಿ 'ಅನ್‌ಪ್ರೊಟೆಕ್ಟ್ ಟಿಕೆಟ್ ಫೇಲ್ಡ್' ಅಂತ ಬರುತ್ತದೆ, ಆದರೆ ಇನ್ಫರ್ಮೇಶನ್ ಮಟ್ಟದಲ್ಲಿ. ಪ್ರೊಡಕ್ಷನ್‌ನಲ್ಲಿ ವಾರ್ನಿಂಗ್‌ಗಿಂತ ಕೆಳಗಿನದನ್ನು ಎಲ್ಲರೂ ಆಫ್ ಮಾಡಿರುತ್ತಾರೆ, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ವೆಬ್ ಫಾರ್ಮ್ಸ್ ಭಾಗಕ್ಕೆ ವಿಂಡೋಸ್ ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 1315 ನಂಬರಿನ ಈವೆಂಟ್ ಹುಡುಕಿ. ಅದರೊಳಗೆ ಕಾರಣ ಬರೆದಿರುತ್ತದೆ. ಟಿಕೆಟ್ 'ಇನ್‌ವ್ಯಾಲಿಡ್' ಅಂತಿದ್ದರೆ ಕೀ ಸಮಸ್ಯೆ. 'ಎಕ್ಸ್‌ಪೈರ್ಡ್' ಅಂತಿದ್ದರೆ ಬರೀ ಅವಧಿ ಮುಗಿದದ್ದು. ವ್ಯೂಸ್ಟೇಟ್ (ಪುಟದ ಸ್ಥಿತಿಯನ್ನು ನೆನಪಿಡಲು ವೆಬ್ ಫಾರ್ಮ್ಸ್ ಪುಟದಲ್ಲೇ ಅಡಗಿಸಿಡುವ ಡೇಟಾ) ಮ್ಯಾಕ್ ವ್ಯಾಲಿಡೇಶನ್ ಫೇಲ್, ಅಂದರೆ ಅದರ ಮೊಹರು ಹೊಂದಲಿಲ್ಲ, ಅನ್ನುವ ಎರರ್ ಪುಟ ಬರುತ್ತಿದ್ದರೂ ಕೀಗಳ ಕಡೆಗೇ ಬೆರಳು.

ಇನ್ನು ನಿಮಗೆ ಸಿಕ್ಕ ಸಲಹೆಗಳು. ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗೂ ಇದಕ್ಕೂ ಸಂಬಂಧವಿಲ್ಲ. ಅದು ಬ್ರೌಸರ್ ಮತ್ತು ಸರ್ವರ್ ನಡುವಿನ ದಾರಿಯನ್ನು ಕಾಯುತ್ತದೆ, ಕುಕೀಯ ಒಳಗಿನ ಬರಹವನ್ನಲ್ಲ. ಟೈಮ್ ಸಿಂಕ್ ಇರಬೇಕಾದ್ದು ನಿಜ, ಆದರೆ ನಾಲ್ಕಾರು ನಿಮಿಷದ ವ್ಯತ್ಯಾಸಕ್ಕೆ ಎರಡನೇ ಕ್ಲಿಕ್ಕಿಗೇ ಯಾರೂ ಹೊರಬೀಳುವುದಿಲ್ಲ.

ಸ್ಟಿಕಿ ಸೆಷನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ತಂಡಗಳು ಅಲ್ಲಿಗೇ ನಿಲ್ಲುತ್ತವೆ. ಒಬ್ಬ ಸದಸ್ಯರನ್ನು ಯಾವಾಗಲೂ ಒಂದೇ ಸರ್ವರ್‌ಗೆ ಕಳಿಸಿದರೆ ಅವರ ಕುಕೀ ಅಲ್ಲಿ ನಡೆಯುತ್ತದೆ, ಸರಿ. ಆದರೆ ಆ ಸರ್ವರ್ ಅಪ್‌ಡೇಟ್‌ಗೆಂದು ನಿಂತ ಕ್ಷಣ ಅದರ ಮೇಲಿದ್ದವರೆಲ್ಲ ಒಟ್ಟಿಗೆ ಹೊರಕ್ಕೆ. ಒಂದು ನಿಂತರೂ ಕೆಲಸ ನಡೆಯಲಿ ಅಂತ ತಾನೆ ಎರಡನೆಯದನ್ನು ತಂದದ್ದು? ಐಪಿ ನೋಡಿ ಅಂಟಿಸುವ ಸೆಟ್ಟಿಂಗ್ ಆಗಿದ್ದರೆ ಇನ್ನೊಂದು ತಲೆನೋವು. ಮೊಬೈಲ್ ನೆಟ್‌ವರ್ಕಿನಲ್ಲಿ ಸಾವಿರಾರು ಜನ ಒಂದೇ ಐಪಿಯ ಹಿಂದೆ ಇರುತ್ತಾರೆ, ಎಲ್ಲರೂ ಒಂದೇ ಸರ್ವರ್ ಮೇಲೆ ಬೀಳಬಹುದು. ಪಾಸ್‌ವರ್ಡ್ ಲಿಂಕನ್ನಂತೂ ಸ್ಟಿಕಿ ಸೆಷನ್ ಕಾಪಾಡುವುದೇ ಇಲ್ಲ. ಸಂಘದ ಕಂಪ್ಯೂಟರಿನಲ್ಲಿ 'ಪಾಸ್‌ವರ್ಡ್ ಮರೆತೆ' ಒತ್ತಿ, ಬಂದ ಇಮೇಲನ್ನು ಫೋನಿನಲ್ಲಿ ತೆರೆದರೆ ಲೋಡ್ ಬ್ಯಾಲೆನ್ಸರ್‌ಗೆ ಅವರು ಹೊಸಬರು. ಬೇರೆ ಸರ್ವರ್‌ಗೆ ಹೋದರೆ ಲಿಂಕ್ ಸತ್ತಂತೆ. ಈಗಿನ ಮಟ್ಟಿಗೆ ಸ್ಟಿಕಿ ಇರಲಿ, ಆದರೆ ಅದು ತಾತ್ಕಾಲಿಕ.

ಆದ್ದರಿಂದ ಕೀ ಹಂಚಲೇಬೇಕು. ಹಳೇ ಭಾಗದಿಂದ ಶುರು ಮಾಡುತ್ತೇನೆ, ಅಪಾಯ ಇರುವುದು ಅಲ್ಲೇ.

ವೆಬ್ ಫಾರ್ಮ್ಸ್‌ನಲ್ಲಿ ಕೀ ಇರುವುದು ಮೆಷಿನ್‌ಕೀ ಅನ್ನುವ ಸೆಟ್ಟಿಂಗ್‌ನಲ್ಲಿ. ನೀವು ಏನೂ ಬರೆಯದಿದ್ದರೆ ಅದು ಆಟೋಜನರೇಟ್, ಅಂದರೆ ಪ್ರತಿ ಸರ್ವರ್ ತಾನೇ ಒಂದು ಮಾಡಿಕೊಳ್ಳುತ್ತದೆ. ಎರಡೂ ಕಡೆ ಒಂದೇ ವ್ಯಾಲಿಡೇಶನ್ ಕೀ, ಒಂದೇ ಡಿಕ್ರಿಪ್ಶನ್ ಕೀ, ಒಂದೇ ಅಲ್ಗಾರಿದಂ ಬರೆದರೆ ಲಾಗಿನ್ ಸಮಸ್ಯೆ ಅಲ್ಲಿಗೆ ಮುಗಿಯಿತು. ಕೆಲಸ ಹತ್ತು ನಿಮಿಷದ್ದು. ಅದಕ್ಕೇ ಜನ ಸೈಟ್‌ನಿಂದ ಕಾಪಿ ಹೊಡೆಯುವುದು.

ಈ ಕೀ ಸಿಕ್ಕವರು ಏನು ಮಾಡಬಹುದು ನೋಡಿ. ಲಾಗಿನ್ ಕುಕೀಯನ್ನು ತಾವೇ ಬರೆದುಕೊಳ್ಳಬಹುದು. ಯಾವ ಸದಸ್ಯರ ಹೆಸರಿನಲ್ಲಾದರೂ, ಅಡ್ಮಿನ್ ಹೆಸರಿನಲ್ಲಾದರೂ. ಪಾಸ್‌ವರ್ಡ್ ಬೇಡ, ಒಟಿಪಿ ಬೇಡ. ವೆಬ್ ಫಾರ್ಮ್ಸ್‌ನಲ್ಲಿ ಇದಕ್ಕಿಂತ ಕೆಟ್ಟದ್ದೂ ಇದೆ. ವ್ಯೂಸ್ಟೇಟ್ ಕೂಡ ಇದೇ ಕೀಯನ್ನು ನಂಬುತ್ತದೆ. ಸರಿಯಾದ ಮೊಹರು ಇರುವ ವ್ಯೂಸ್ಟೇಟ್ ಬಂದರೆ ಸರ್ವರ್ ಅದನ್ನು ಬಿಚ್ಚಿ ಒಳಗಿನದನ್ನು ಆಬ್ಜೆಕ್ಟ್ ಮಾಡಿಕೊಳ್ಳುತ್ತದೆ. ದಾಳಿಕೋರರು ಅದರೊಳಗೆ ಹುಷಾರಾಗಿ ಜೋಡಿಸಿದ ಸರಕು ಇಟ್ಟರೆ ಅವರ ಕೋಡ್ ನಿಮ್ಮ ಸರ್ವರ್ ಮೇಲೆ ಓಡುತ್ತದೆ.

ಇದು ಊಹೆಯಲ್ಲ. ಮೈಕ್ರೋಸಾಫ್ಟ್‌ನ ಇಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನ ಎಲ್ಲ ಇನ್‌ಸ್ಟಾಲೇಶನ್‌ಗಳಲ್ಲೂ ಒಂದೇ ಕೀ ಇತ್ತು. ಯಾವುದಾದರೂ ಒಂದು ಮೇಲ್‌ಬಾಕ್ಸಿನ ಲಾಗಿನ್ ಇದ್ದವರು ಆ ಕೀ ಬಳಸಿ ಸರ್ವರ್ ಮೇಲೆ ಸಿಸ್ಟಮ್ ಅಧಿಕಾರದಲ್ಲಿ ಕೋಡ್ ಓಡಿಸಬಹುದಿತ್ತು. ಅದನ್ನು ಮೈಕ್ರೋಸಾಫ್ಟ್ ಮುಚ್ಚಿದ್ದು 2020ರ ಫೆಬ್ರವರಿಯಲ್ಲಿ. 2025ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಡೆವಲಪರ್‌ಗಳು ಡಾಕ್ಯುಮೆಂಟೇಶನ್ ಮತ್ತು ಕೋಡ್ ರೆಪಾಸಿಟರಿಗಳಂಥ ಕಡೆಯಿಂದ ಕಾಪಿ ಮಾಡಿ ಬಳಸಬಹುದಾದ, ಈಗಾಗಲೇ ಬಹಿರಂಗವಾಗಿರುವ ಮೆಷಿನ್‌ಕೀಗಳು 3,000ಕ್ಕೂ ಹೆಚ್ಚು ಸಿಕ್ಕವು ಅಂತ. ಅಂಥ ಒಂದು ಕೀ ಬಳಸಿ 2024ರ ಡಿಸೆಂಬರ್‌ನಲ್ಲಿ ದಾಳಿ ನಡೆದದ್ದನ್ನೂ ಅವರು ವಿವರಿಸಿದ್ದರು. ಕೀ ಕದಿಯುವ ಕೆಲಸವೇ ಬೇಕಿಲ್ಲ, ಸಾರ್ವಜನಿಕ ಪಟ್ಟಿಯಿಂದ ಒಂದೊಂದನ್ನೇ ಹಾಕಿ ನೋಡಿದರೆ ಸಾಕು. 2025ರ ಜುಲೈನಲ್ಲಿ ಮೈಕ್ರೋಸಾಫ್ಟ್‌ನದೇ ಶೇರ್‌ಪಾಯಿಂಟ್ ಸರ್ವರ್‌ಗಳ ಮೇಲೆ ದಾಳಿಯಾದಾಗ ದಾಳಿಕೋರರು ಒಳನುಗ್ಗಿ ಮೊದಲು ಎತ್ತಿಕೊಂಡದ್ದರಲ್ಲಿ ಮೆಷಿನ್‌ಕೀ ಒಂದು. ಪ್ಯಾಚ್ ಹಾಕಿದರೂ ಹಳೇ ಕೀ ಅವರ ಬಳಿ ಇರುತ್ತದಲ್ಲ? ಅದಕ್ಕೇ ಪ್ಯಾಚ್ ಜೊತೆಗೆ ಕೀ ಬದಲಿಸಿ ಐಐಎಸ್ (ವಿಂಡೋಸ್‌ನ ವೆಬ್ ಸರ್ವರ್) ರೀಸ್ಟಾರ್ಟ್ ಮಾಡಿ ಅಂತ ಹೇಳಬೇಕಾಯಿತು.

ಹಾಗಾಗಿ ಸೈಟ್‌ನಿಂದ ಕೀ ತರುವುದು ಬೇಡವೇ ಬೇಡ. ಆ ಸೈಟ್ ಒಳ್ಳೆಯದೇ ಇರಬಹುದು. ಆದರೆ ಅದು ಕೊಟ್ಟ ಕೀಯ ಪ್ರತಿಯನ್ನು ಇಟ್ಟುಕೊಂಡಿದೆಯೋ ಇಲ್ಲವೋ ಅಂತ ನಿಮಗೆ ಗೊತ್ತಾಗುವ ದಾರಿ ಇಲ್ಲ. ಬೇಕಾಗಿಯೂ ಇಲ್ಲ. ಐಐಎಸ್ ಮ್ಯಾನೇಜರ್‌ನಲ್ಲಿ ನಿಮ್ಮ ಸೈಟ್ ಆರಿಸಿ 'ಮೆಷಿನ್ ಕೀ' ತೆರೆದರೆ ಬಲಗಡೆ 'ಜನರೇಟ್ ಕೀಸ್' ಇದೆ. ವ್ಯಾಲಿಡೇಶನ್‌ಗೆ ಎಚ್‌ಮ್ಯಾಕ್ ಎಸ್‌ಎಚ್‌ಎ 256, ಎನ್‌ಕ್ರಿಪ್ಶನ್‌ಗೆ ಎಇಎಸ್ ಆರಿಸಿ. 'ರನ್‌ಟೈಮ್‌ನಲ್ಲಿ ತಾನೇ ಮಾಡಿಕೊಳ್ಳಲಿ' ಅನ್ನುವ ಟಿಕ್ ತೆಗೆಯಿರಿ. ಬಂದದ್ದನ್ನು ಇನ್ನೊಂದು ಸರ್ವರ್‌ಗೂ ಹಾಕಿ. ವಾಟ್ಸ್ಯಾಪ್‌ನಲ್ಲಿ ಕಳಿಸಬೇಡಿ, ದಯವಿಟ್ಟು. ಅದನ್ನೂ ನೋಡಿದ್ದೇನೆ.

ಗಿಟ್‌ಗೂ ಬೇಡ. ಪ್ರೈವೇಟ್ ರೆಪೋ ಅಂತ ವಾದ ಬರುತ್ತದೆ. ಆದರೆ ಅದರ ಪ್ರತಿ ತಂಡದ ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಲ್ಲಿದೆ, ಕೆಲಸ ಬಿಟ್ಟು ಹೋದವರ ಹತ್ತಿರವೂ ಇರಬಹುದು. ಈಗಾಗಲೇ ಹಾಕಿದ್ದರೆ ಆ ಸಾಲನ್ನು ಅಳಿಸಿ ಕಮಿಟ್ ಮಾಡಿದರೆ ಸಾಲದು, ಹಿಸ್ಟರಿಯಲ್ಲಿ ಉಳಿದಿರುತ್ತದೆ. ಆ ಕೀ ಹೋಯಿತು ಅಂತ ತಿಳಿದು ಹೊಸದು ಮಾಡಿ. ರೆಪೋದಲ್ಲಿ ಖಾಲಿ ಜಾಗ ಬಿಟ್ಟು, ಡಿಪ್ಲಾಯ್ ಆಗುವಾಗ ಸರ್ವರ್‌ನಲ್ಲೇ ಕೀ ತುಂಬುವಂತೆ ಮಾಡಿಕೊಳ್ಳಿ.

ಸರ್ವರ್‌ನಲ್ಲಿರುವ ವೆಬ್ ಕಾನ್ಫಿಗ್ ಫೈಲಿನೊಳಗೂ ಕೀ ಬರಿಗಣ್ಣಿಗೆ ಕಾಣುವುದು ಬೇಡ ಅನ್ನಿಸಿದರೆ ಆಸ್ಪ್‌ನೆಟ್ ರೆಗ್‌ಐಐಎಸ್ ಟೂಲ್‌ನಿಂದ ಆ ಭಾಗವನ್ನು ಎನ್‌ಕ್ರಿಪ್ಟ್ ಮಾಡಬಹುದು. ಇಲ್ಲಿ ಒಂದು ಎಡವಟ್ಟು ಇದೆ. ಒಂದು ಸರ್ವರ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದ ಫೈಲನ್ನು ಇನ್ನೊಂದಕ್ಕೆ ಕಾಪಿ ಮಾಡಿದರೆ ಅದು ಓದಲಾರದು. ಎರಡರಲ್ಲೂ ಬೇರೆ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡಿ. ಇಲ್ಲವೇ ಎಕ್ಸ್‌ಪೋರ್ಟ್ ಮಾಡಲು ಬರುವ ಆರ್‌ಎಸ್‌ಎ ಕೀ ಕಂಟೇನರ್ ಮಾಡಿ ಎರಡೂ ಕಡೆ ಇಡಿ. ಎರಡೇ ಸರ್ವರ್ ಇರುವಾಗ ಮೊದಲನೆಯದೇ ಸಲೀಸು.

ಮೆಷಿನ್‌ಕೀಯ ದೊಡ್ಡ ಕೊರತೆ ಏನೆಂದರೆ ಅದರಲ್ಲಿ ಹಳೆಯದು, ಹೊಸದು ಒಟ್ಟಿಗೆ ಇರಲು ಜಾಗವಿಲ್ಲ. ಬದಲಿಸಿದ ಕ್ಷಣ ಎಲ್ಲರೂ ಲಾಗ್‌ಔಟ್. ಆದ್ದರಿಂದ ರಾತ್ರಿ ಹೊತ್ತು, ಎರಡೂ ಸರ್ವರ್ ಒಟ್ಟಿಗೇ ಬದಲಿಸಿ. ಬದಲಿಸುವ ಮುಂಚೆ ಒಂದನ್ನು ಖಂಡಿತ ನೋಡಿ. ಬಳಕೆದಾರರ ಪಾಸ್‌ವರ್ಡ್ ನೋಡಿಕೊಳ್ಳುವ ಹಳೇ ಮೆಂಬರ್‌ಶಿಪ್ ಪ್ರೊವೈಡರ್‌ನಲ್ಲಿ ಪಾಸ್‌ವರ್ಡ್ ಫಾರ್ಮ್ಯಾಟ್ 'ಎನ್‌ಕ್ರಿಪ್ಟೆಡ್' ಅಂತ ಇದೆಯಾ? ಇದ್ದರೆ ಆ ಪಾಸ್‌ವರ್ಡ್‌ಗಳೆಲ್ಲ ಮೆಷಿನ್‌ಕೀಯಿಂದಲೇ ಬೀಗ ಬಿದ್ದಿರುತ್ತವೆ. ಕೀ ಬದಲಾದರೆ ಯಾರೊಬ್ಬರೂ ಲಾಗಿನ್ ಆಗಲಾರರು. ನಿಮ್ಮದು ಈವರೆಗೆ ಆಟೋಜನರೇಟ್ ಆಗಿದ್ದರೆ ಈ ಭಯ ಬೇಡ, ಆಟೋಜನರೇಟ್ ಇದ್ದಾಗ ಪಾಸ್‌ವರ್ಡನ್ನು ಆ ರೀತಿ ಇಡಲು ಪ್ರೊವೈಡರ್ ಒಪ್ಪುವುದೇ ಇಲ್ಲ.

ಈಗ ಕೋರ್ ಪೋರ್ಟಲ್. ಇಲ್ಲಿ ಕೀ ನೋಡಿಕೊಳ್ಳುವುದು ಡೇಟಾ ಪ್ರೊಟೆಕ್ಷನ್ ಅನ್ನುವ ಭಾಗ. ಇದು ಹಳೆಯದಕ್ಕಿಂತ ಜಾಣ. ಒಂದೇ ಕೀ ಇರುವುದಿಲ್ಲ, ಕೀಗಳ ಗೊಂಚಲಿರುತ್ತದೆ. ಪ್ರತಿ ಕೀಗೆ 90 ದಿನ ಆಯಸ್ಸು, ಮುಗಿಯುವ ಹೊತ್ತಿಗೆ ತಾನೇ ಹೊಸದು ಮಾಡಿಕೊಳ್ಳುತ್ತದೆ. ಹಳೆಯದರಿಂದ ಹೊಸದನ್ನು ಬರೆಯುವುದಿಲ್ಲ, ಆದರೆ ಹಳೇ ಕುಕೀಗಳನ್ನು ಓದಲು ಅದನ್ನು ಉಳಿಸಿಕೊಂಡಿರುತ್ತದೆ. ಹಾಗಾಗಿ ಫೋಲ್ಡರ್ ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಹಳೇ ಕೀ ಫೈಲ್‌ಗಳನ್ನು ಡಿಲೀಟ್ ಮಾಡಬೇಡಿ.

ಐಐಎಸ್‌ನಲ್ಲಿ ಈ ಗೊಂಚಲು ಸಾಮಾನ್ಯವಾಗಿ ಆ ಸರ್ವರಿನ ಯೂಸರ್ ಪ್ರೊಫೈಲ್‌ನಲ್ಲಿ ಕೂರುತ್ತದೆ. ಅದಿಲ್ಲದಿದ್ದರೆ ರಿಜಿಸ್ಟ್ರಿಯಲ್ಲಿ. ಎರಡೂ ಸಿಗದಿದ್ದರೆ ಬರೀ ಮೆಮೊರಿಯಲ್ಲಿ, ಆಗ ಪ್ರತಿ ರೀಸ್ಟಾರ್ಟ್‌ಗೂ ಎಲ್ಲರೂ ಹೊರಕ್ಕೆ. ಮುಂದೆ ಯಾವಾಗಲಾದರೂ ಆ್ಯಪನ್ನು ಕಂಟೇನರ್ ಅನ್ನುವ ಪೆಟ್ಟಿಗೆಯಲ್ಲಿ ಓಡಿಸುವ ಡಾಕರ್‌ಗೆ ಹೋದರೆ ನೆನಪಿರಲಿ: ಕಂಟೇನರ್ ಒಳಗೇ ಕೀ ಇಟ್ಟರೆ ಕಂಟೇನರ್ ಜೊತೆಗೇ ಹೋಗುತ್ತದೆ.

ಎರಡೂ ಸರ್ವರ್‌ಗೆ ಕಾಣುವ ಒಂದು ಜಾಗದಲ್ಲಿ ಗೊಂಚಲನ್ನು ಇಡಬೇಕು. ನಿಮ್ಮಂಥ ಸಣ್ಣ ತಂಡಕ್ಕೆ ನನ್ನ ಆಯ್ಕೆ ನೆಟ್‌ವರ್ಕ್ ಶೇರ್ಡ್ ಫೋಲ್ಡರ್. ಐಐಎಸ್‌ನಲ್ಲಿ ನಿಮ್ಮ ಆ್ಯಪನ್ನು ಓಡಿಸುವ ಆ್ಯಪ್ ಪೂಲ್‌ನ ಅಕೌಂಟ್‌ಗೆ ಮಾತ್ರ ಅದರಲ್ಲಿ ಓದುವ, ಬರೆಯುವ ಪರ್ಮಿಶನ್ ಕೊಡಿ. 'ಎವ್ರಿಒನ್' ಅಂತ ಕೊಟ್ಟು ಆಮೇಲೆ ಸರಿ ಮಾಡೋಣ ಅಂದುಕೊಂಡರೆ ಆ ಆಮೇಲೆ ಬರುವುದೇ ಇಲ್ಲ. ಫೈಲ್ ಸರ್ವರ್ ಸ್ವಲ್ಪ ಹೊತ್ತು ಬಿದ್ದರೆ ಪರವಾಗಿಲ್ಲ, ಓಡುತ್ತಿರುವ ಆ್ಯಪ್ ಕೀಗಳನ್ನು ಮೆಮೊರಿಯಲ್ಲಿ ಹಿಡಿದಿರುತ್ತದೆ. ಆ ಹೊತ್ತಿನಲ್ಲಿ ರೀಸ್ಟಾರ್ಟ್ ಆದ ಆ್ಯಪ್‌ಗೆ ಮಾತ್ರ ತೊಂದರೆ.

ಡೇಟಾವನ್ನು ಮೆಮೊರಿಯಲ್ಲಿ ಇಡುವ ರೆಡಿಸ್‌ನಲ್ಲೂ ಇಡಬಹುದು. ಆದರೆ ಬರೀ ಕ್ಯಾಶ್ ಅಂತ ಇಟ್ಟಿರುವ ರೆಡಿಸ್‌ನಲ್ಲಿ ಬೇಡ. ಡಿಸ್ಕಿಗೆ ಬರೆಯುವ ಸೆಟ್ಟಿಂಗ್ ಇಲ್ಲದಿದ್ದರೆ ರೆಡಿಸ್ ರೀಸ್ಟಾರ್ಟ್ ಆದಾಗ ಕೀಗಳೂ ಮಾಯ. ಮೆಮೊರಿ ತುಂಬಿದಾಗ ಯಾವುದನ್ನಾದರೂ ಎಸೆಯುವ ಪಾಲಿಸಿ ಇದ್ದರೆ ಒಂದು ದಿನ ಗೊಂಚಲನ್ನೇ ಎಸೆಯಬಹುದು. ಡೇಟಾಬೇಸ್‌ನಲ್ಲಿ ಇಡುವ ದಾರಿಯೂ ಇದೆ, ಅನುಕೂಲವೂ ಹೌದು. ಆದರೆ ಡೇಟಾಬೇಸ್‌ನ ಬ್ಯಾಕಪ್ ಎಲ್ಲೆಲ್ಲಿ ಹೋಗುತ್ತದೋ ಕೀ ಅಲ್ಲೆಲ್ಲ ಹೋಗುತ್ತದೆ. ಟೆಸ್ಟಿಂಗ್‌ಗೆಂದು ಪ್ರೊಡಕ್ಷನ್ ಬ್ಯಾಕಪ್ ಕೊಡುವ ಅಭ್ಯಾಸ ನಿಮ್ಮಲ್ಲಿದೆಯಾ? ಹಾಗಿದ್ದರೆ ಕೀಗಳನ್ನು ಎನ್‌ಕ್ರಿಪ್ಟ್ ಮಾಡದೆ ಈ ದಾರಿ ಹಿಡಿಯಬೇಡಿ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಕೀಗಳನ್ನು ಎಲ್ಲಿಡಬೇಕು ಅಂತ ನೀವೇ ಕೋಡ್‌ನಲ್ಲಿ ಬರೆದ ತಕ್ಷಣ, ಅವುಗಳ ಮೇಲೆ ತಾನಾಗಿಯೇ ಇದ್ದ ಎನ್‌ಕ್ರಿಪ್ಶನ್ ಹೋಗುತ್ತದೆ. ಫೋಲ್ಡರ್ ತೆರೆದರೆ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಕೀ ಬೆತ್ತಲೆಯಾಗಿ ಕೂತಿರುತ್ತದೆ. ಆ್ಯಪ್ ಲಾಗ್‌ನಲ್ಲಿ ಒಂದು ವಾರ್ನಿಂಗ್ ಕೊಡುತ್ತದೆ, ಅಷ್ಟೇ. ಹಾಗಾಗಿ ಜಾಗ ಹೇಳುವ ಸಾಲಿನ ಜೊತೆಗೇ ಬೀಗ ಹೇಳುವ ಸಾಲೂ ಬೇಕು.

ಆ ಬೀಗಕ್ಕೆ ವಿಂಡೋಸ್ ಜೊತೆಗೇ ಬರುವ ಎನ್‌ಕ್ರಿಪ್ಶನ್ ಸೌಲಭ್ಯವಾದ ಮಾಮೂಲಿ ಡಿಪಿಎಪಿಐ ಬಳಸಬೇಡಿ. ಅದು ಆ ಒಂದು ಮೆಷಿನ್‌ಗೆ ಅಂಟಿದ್ದು. ಮೊದಲ ಸರ್ವರ್ ಬೀಗ ಹಾಕಿದ ಕೀಯನ್ನು ಎರಡನೆಯದು ಬಿಚ್ಚಲಾರದು. 'ನನಗೆ ಬಳಸಲು ಬರುವ ಕೀ ಇಲ್ಲ' ಅಂದುಕೊಂಡು ಆ ಎರಡನೇ ಸರ್ವರ್ ತನ್ನದೊಂದು ಮಾಡಿ ಅದೇ ಫೋಲ್ಡರ್‌ಗೆ ಹಾಕುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿದೆ, ಫೋಲ್ಡರ್ ಒಂದೇ, ಆದರೂ ಜನ ಹೊರಬೀಳುತ್ತಲೇ ಇರುತ್ತಾರೆ. ಬದಲಿಗೆ ಒಂದು ಸರ್ಟಿಫಿಕೇಟ್ ಮಾಡಿ ಎರಡೂ ಸರ್ವರ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಅದರಿಂದ ಬೀಗ ಹಾಕಿ. ಆ್ಯಪ್ ಪೂಲ್ ಅಕೌಂಟ್‌ಗೆ ಅದರ ಪ್ರೈವೇಟ್ ಕೀ ಓದುವ ಪರ್ಮಿಶನ್ ಕೊಡಲು ಮರೆಯಬೇಡಿ, ಅರ್ಧಕ್ಕರ್ಧ ಜನ ಎಡವುವುದು ಅಲ್ಲೇ. ಸರ್ಟಿಫಿಕೇಟಿನ ಪ್ರತಿಯನ್ನು ಬೇರೆ ಕಡೆ ಭದ್ರವಾಗಿ ಇಡಿ. ಮುಂದೆ ಅದನ್ನು ಬದಲಿಸಿದಾಗ ಹಳೆಯದರಿಂದಲೂ ಬಿಚ್ಚಬಹುದು ಅಂತ ಕೋಡ್‌ನಲ್ಲಿ ಹೇಳುವ ಅನುಕೂಲ ಇದೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿ ಇದ್ದವರಿಗೆ ಬ್ಲಾಬ್ ಸ್ಟೋರೇಜ್ ಮತ್ತು ಕೀ ವಾಲ್ಟ್ ಇದೇ ಕೆಲಸ ಮಾಡುತ್ತವೆ, ನಿಮಗೆ ಅದಕ್ಕಾಗಿ ಅಲ್ಲಿಗೆ ಹೋಗುವ ಅಗತ್ಯವಿಲ್ಲ.

ಮೂರನೇ ಸಾಲು ಅಪ್ಲಿಕೇಶನ್ ನೇಮ್. ಇದು ಬರೆಯದಿದ್ದರೆ ಆ್ಯಪ್ ಇರುವ ಫೋಲ್ಡರಿನ ಪಾತ್ ನೋಡಿ ಕೀ ಬಳಕೆಯನ್ನು ಬೇರೆ ಬೇರೆ ಮಾಡುತ್ತದೆ. ಒಂದರಲ್ಲಿ ಸಿ ಡ್ರೈವ್, ಇನ್ನೊಂದರಲ್ಲಿ ಡಿ ಡ್ರೈವ್ ಅಂತಿದ್ದರೆ ಕೀ ಒಂದೇ ಇದ್ದರೂ ಒಬ್ಬರದು ಇನ್ನೊಬ್ಬರಿಗೆ ಓದಲು ಬಾರದು. ಎರಡೂ ಕಡೆ ಅದೇ ಹೆಸರು ಕೊಡಿ.

ಈ ಸೆಟ್ಟಿಂಗ್ ಹಾಕಿ ಮೊದಲ ಸಲ ಚಾಲೂ ಮಾಡುವಾಗ ಎರಡೂ ಸರ್ವರ್ ಒಟ್ಟಿಗೆ ಎಬ್ಬಿಸಬೇಡಿ. ಖಾಲಿ ಫೋಲ್ಡರ್ ನೋಡಿ ಎರಡೂ ಒಂದೊಂದು ಕೀ ಮಾಡಿಬಿಡಬಹುದು. ಒಂದನ್ನು ಎಬ್ಬಿಸಿ, ಕೀ ಫೈಲ್ ಬಂದಿತಾ ನೋಡಿ, ಆಮೇಲೆ ಇನ್ನೊಂದು. ಮುಂದಿನ ಕೀಗಳಿಗೆ ಈ ಗೊಡವೆ ಇಲ್ಲ. ಹಳೆಯದು ಮುಗಿಯುವ ಎರಡು ದಿನ ಮೊದಲೇ ಹೊಸದು ತಯಾರಾಗಿರುತ್ತದೆ, ಎಲ್ಲ ಸರ್ವರ್‌ಗಳೂ ದಿನಕ್ಕೊಮ್ಮೆ ಗೊಂಚಲನ್ನು ಮತ್ತೆ ಓದಿಕೊಳ್ಳುತ್ತವೆ.

ಈ ಬದಲಾವಣೆಗೂ ಮುಂಚೆ ಕೋಡ್‌ನಲ್ಲಿ ಒಮ್ಮೆ ಹುಡುಕಿ: ಸದಸ್ಯರ ಬ್ಯಾಂಕ್ ಖಾತೆ ನಂಬರಿನಂಥದ್ದನ್ನು ಯಾರಾದರೂ ಇದೇ ಡೇಟಾ ಪ್ರೊಟೆಕ್ಷನ್ ಬಳಸಿ ಎನ್‌ಕ್ರಿಪ್ಟ್ ಮಾಡಿ ಡೇಟಾಬೇಸ್‌ನಲ್ಲಿ ಇಟ್ಟಿದ್ದಾರಾ? ಇಟ್ಟಿದ್ದರೆ ಹಳೇ ಸರ್ವರ್‌ನ ಕೀ ಬಿಟ್ಟು ಹೊಸ ಗೊಂಚಲಿಗೆ ಹೋದ ದಿನ ಅದೆಲ್ಲ ಓದಲಾಗದ ಅಕ್ಷರವಾಗುತ್ತದೆ. ಮೊದಲು ಅದನ್ನು ಹೊರತೆಗೆದು ಬೇರೆ ವ್ಯವಸ್ಥೆ ಮಾಡಿ. ಈ ಸಲಕರಣೆ ಕುಕೀ, ಟೋಕನ್‌ಗಳಂಥ ಅಲ್ಪಾಯುಷಿಗಳಿಗೆ ಮಾಡಿದ್ದು.

ಕೀ ಸೋರಿತು ಅನ್ನುವ ಅನುಮಾನ ಬಂದರೆ ಕೋರ್‌ನಲ್ಲಿ ಕೀಗಳನ್ನು ರಿವೋಕ್, ಅಂದರೆ ರದ್ದು, ಮಾಡಬಹುದು. ಎಲ್ಲರೂ ಲಾಗ್‌ಔಟ್ ಆಗುತ್ತಾರೆ, ಆಗಲಿ. ಇಲ್ಲಿ ವ್ಯೂಸ್ಟೇಟ್ ಇಲ್ಲದಿರುವುದರಿಂದ ಸೋರಿಕೆಯ ಹೊಡೆತ ಮುಖ್ಯವಾಗಿ ನಕಲಿ ಲಾಗಿನ್ ಮತ್ತು ನಕಲಿ ಟೋಕನ್. ವೆಬ್ ಫಾರ್ಮ್ಸ್‌ನಷ್ಟು ಭೀಕರ ಅಲ್ಲ, ಆದರೆ ನಿಮ್ಮ ಸದಸ್ಯರ ಸಾಲದ ಲೆಕ್ಕ ಬೇರೆಯವರಿಗೆ ಕಾಣುವುದಕ್ಕೆ ಅಷ್ಟೇ ಸಾಕು. ನನ್ನನ್ನು ಕೇಳಿದರೆ, ರಿಪೋರ್ಟ್ ಭಾಗವನ್ನು ಕೋರ್‌ಗೆ ತರುವ ಕೆಲಸವನ್ನು ಮುಂದೂಡುತ್ತಾ ಹೋಗಬೇಡಿ. ಮೆಷಿನ್‌ಕೀ ಮತ್ತು ಡೇಟಾ ಪ್ರೊಟೆಕ್ಷನ್ ಬೇರೆ ಬೇರೆ ಲೋಕ, ಒಂದರ ಕುಕೀ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಎರಡನ್ನೂ ಸೇರಿಸುವ ಇಂಟರಾಪ್ ಪ್ಯಾಕೇಜ್ ಇದೆ, ಆದರೆ ಅದಕ್ಕೆ ಹಳೇ ಆ್ಯಪ್‌ನ ಲಾಗಿನ್ ವ್ಯವಸ್ಥೆಯನ್ನೇ ಬದಲಿಸಬೇಕು. ಅಷ್ಟು ಕೈ ಹಾಕುವುದಾದರೆ ಪೂರ್ತಿ ಬದಲಿಸುವುದೇ ವಾಸಿ.

ಎಲ್ಲ ಮುಗಿದ ಮೇಲೆ ಸ್ಟಿಕಿ ಸೆಷನ್ ಆಫ್ ಮಾಡಿ ಪರೀಕ್ಷಿಸಿ. ಮೊದಲ ಸರ್ವರ್‌ನಲ್ಲಿ ಲಾಗಿನ್ ಆಗಿ, ಒಂದು ಫಾರ್ಮ್ ತೆರೆದಿಟ್ಟು, ಆ ಸರ್ವರನ್ನು ಲೋಡ್ ಬ್ಯಾಲೆನ್ಸರ್‌ನಿಂದ ತೆಗೆದು ಸಬ್‌ಮಿಟ್ ಒತ್ತಿ. ಹೋದರೆ ಕೀ ಕೆಲಸ ಸರಿಯಾಗಿದೆ. ಲಾಗಿನ್ ಉಳಿದು, ಅರ್ಧ ತುಂಬಿದ ಅರ್ಜಿಯಂಥ ಮಾಹಿತಿ ಮಾತ್ರ ಖಾಲಿಯಾದರೆ ಅದು ಕೀ ವಿಷಯವಲ್ಲ. ಸೆಷನ್ ಡೇಟಾ ಇನ್ನೂ ಆಯಾ ಸರ್ವರ್‌ನ ಮೆಮೊರಿಯಲ್ಲೇ ಇದೆ ಅಂತ ಅರ್ಥ. ಅದನ್ನು ಎಸ್‌ಕ್ಯೂಎಲ್ ಸರ್ವರ್‌ಗೋ ರೆಡಿಸ್‌ಗೋ ಕಳಿಸಿ. ವೆಬ್ ಫಾರ್ಮ್ಸ್ ಭಾಗದಲ್ಲಿ ಹಾಗೆ ಮಾಡುವಾಗ ಐಐಎಸ್‌ನಲ್ಲಿ ಆ ಸೈಟ್‌ನ ಐಡಿ ನಂಬರ್ ಎರಡೂ ಸರ್ವರ್‌ನಲ್ಲಿ ಒಂದೇ ಇರಬೇಕು, ಇಲ್ಲದಿದ್ದರೆ ಡೇಟಾಬೇಸ್ ಒಂದೇ ಆದರೂ ಸೆಷನ್ ಸಿಗುವುದಿಲ್ಲ.